ಗೋಡೆ ಮೇಲಿನ ಹಸಿರು ವಿಷ

ಆರ್ಸೆನಿಕ್ ಅಂದ್ರೆ ನಮಗೆ ಕೆಮಿಸ್ಟ್ರಿ ಲ್ಯಾಬಲ್ಲೂ ಭಯ. ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನಲ್ಲಿ ಅದನ್ನೇ ಬೆಡ್‌ರೂಮ್ ಗೋಡೆಗೆ ಅಂಟಿಸಿಕೊಂಡು ಮಲಗುತ್ತಿದ್ದರು! ಅವರ ವಾಲ್‌ಪೇಪರಿನ ಎಲೆ-ಬಳ್ಳಿಗಳ ಹೊಳೆಯುವ ಹಸಿರು ಎಷ್ಟೋ ಸಲ ತಾಮ್ರ, ಆರ್ಸೆನಿಕ್ ಸೇರಿದ ಬಣ್ಣ. ಅಂಥದೊಂದನ್ನು 1775ರಲ್ಲಿ ಮಾಡಿದ್ದು ಸ್ವೀಡನ್ನಿನ ಶೀಲೆ. ಬಣ್ಣ ಉದುರಿದರೆ ಧೂಳಿನ ಜೊತೆ ಮೂಗಿಗೆ ಹೋಗುತ್ತಿತ್ತು. ಗೋಡೆಗೆ ತೇವ ಹಿಡಿದರೆ ಇನ್ನೊಂದು ಕಥೆ: ಕಾಗದದ ಹಿಂದಿನ ಅಂಟು ತಿಂದು ಬೆಳೆಯುವ ಬೂಷ್ಟು ಆರ್ಸೆನಿಕ್ಕನ್ನು ಬೆಳ್ಳುಳ್ಳಿ ವಾಸನೆಯ ಗ್ಯಾಸ್ ಮಾಡಿಬಿಡುತ್ತದೆ. ಹೆಸರು ಟ್ರೈಮೀಥೈಲ್ ಆರ್ಸೀನ್.

ನಮಗೆ ಬೇಜಾರಾಗಿದ್ದು ವಿಲಿಯಂ ಮೋರಿಸ್ ವಿಷಯದಲ್ಲಿ. (ಅವರ ಹೂಬಳ್ಳಿ ಡಿಸೈನ್ ನಮ್ಮಲ್ಲಿ ಒಬ್ಬರ ಫೋನ್ ವಾಲ್‌ಪೇಪರ್!) ಅವರ ‘ಟ್ರೆಲ್ಲಿಸ್’ ಕಾಗದದ ಹಸಿರಲ್ಲೂ ಆರ್ಸೆನಿಕ್ ಇತ್ತು. ಆರ್ಸೆನಿಕ್ ತೆಗೆಯುತ್ತಿದ್ದ ಡೆವನ್ ಗಣಿಯಲ್ಲಿ ಅವರಿಗೆ ಷೇರುಗಳಿದ್ದವು. ವಾಲ್‌ಪೇಪರಿನಿಂದ ಕಾಯಿಲೆ ಬರುತ್ತೆ ಅನ್ನೋ ಡಾಕ್ಟರುಗಳ ಮಾತನ್ನಂತೂ ಅವರು ನಂಬಲೇ ಇಲ್ಲ.