ಮೆಣಸಿನಕಾಯಿ ದರದ ಲೆಕ್ಕಕ್ಕೆ ಯಾವ ತಂತ್ರಾಂಶ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ದರಗಳ ಅಧ್ಯಯನ ಮಾಡಬೇಕೆಂದಿದ್ದೇನೆ. ದುಬಾರಿ ತಂತ್ರಾಂಶ ಕೊಳ್ಳಲಾರೆ. ಉಚಿತವಾದವುಗಳಲ್ಲಿ ಯಾವುದರಿಂದ ಶುರು ಮಾಡಲಿ?
– ಓದುಗರು, ರಾಣೆಬೆನ್ನೂರು

ಉತ್ತರ: ಜಮೋವಿಯಿಂದ ಶುರು ಮಾಡಿ. ಎಕ್ಸೆಲ್‌ನಂಥ ಹಾಳೆ, ಕ್ಲಿಕ್ ಮಾಡುವ ಪಟ್ಟಿಗಳು; ಕೋಡ್ ಬರೆಯುವ ಗೊಡವೆಯಿಲ್ಲ. ಒಳಗೆ ದುಡಿಯುವುದು ‘ಆರ್’ ಭಾಷೆ. ಅದನ್ನು 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ರೂಪಿಸಿದರು. ಎಸ್‌ಪಿಎಸ್‌ಎಸ್ ತಂತ್ರಾಂಶದ ಪಠ್ಯವನ್ನೇ ಹಿಡಿದು ಕಲಿಯುವವರಿಗೆ ಅದನ್ನು ಹೋಲುವ, ಉಚಿತವಾದ ಪಿಎಸ್‌ಪಿಪಿ ಇದೆ, ಅಷ್ಟೇ.

ತಂತ್ರಾಂಶಕ್ಕಿಂತ ನನಗೆ ಕಾಳಜಿ ನಿಮ್ಮ ದತ್ತಾಂಶದ್ದು. ಸರ್ಕಾರದ ಅಗ್‌ಮಾರ್ಕ್‌ನೆಟ್‌ ಜಾಲತಾಣದಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ (ಮೋಡಲ್) ದರ ಸಿಗುತ್ತವೆ. ಆದರೆ ಗಿಡ್ಡನೆಯ, ದಪ್ಪನೆಯ ಡಬ್ಬಿ ಮತ್ತು ಉದ್ದನೆಯ, ಸುಕ್ಕುಗಟ್ಟಿದ ಕಡ್ಡಿ ತಳಿಗಳ ದರಗಳನ್ನು ಒಂದೇ ಕಾಲಮ್ಮಿಗೆ ತುಂಬಿ ಸರಾಸರಿ ತೆಗೆದರೆ, ಯಾವ ರೈತನಿಗೂ ಸಿಗದ ದರವೊಂದು ಹುಟ್ಟುತ್ತದೆ! ತಳಿಗೆ ಒಂದು ಕಾಲಮ್, ದಿನಾಂಕಕ್ಕೆ ಒಂದು, ಆವಕಕ್ಕೆ ಮತ್ತೊಂದು ಇರಲಿ. ಕೆಲವೇ ಚೀಲಗಳಿಗೆ ಸಿಕ್ಕ ಭಾರಿ ದರ ಸರಾಸರಿಯನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದ ಮಧ್ಯಾಂಕವನ್ನೂ ನೋಡಿ. ಜಮೋವಿಯಲ್ಲಿ ತಳಿವಾರು ಬಾಕ್ಸ್ ಪ್ಲಾಟ್ ಹಾಕಿದರೆ ಈ ಏರುಪೇರು ಕಣ್ಣಿಗೇ ಕಾಣುತ್ತದೆ.

ಹಲವು ವರ್ಷಗಳ ದರ, ಮಳೆ, ನಿಮ್ಮ ಹಾವೇರಿ ಜಿಲ್ಲೆಯ ಮೆಕ್ಕೆಜೋಳದ ಲೆಕ್ಕವೆಲ್ಲ ಸೇರಿದಾಗ ನೇರವಾಗಿ ‘ಆರ್’ ಕಲಿಯಿರಿ. ಅದನ್ನು ಮೊದಲ ದಿನವೇ ಹಿಡಿದರೆ ಬೇಸತ್ತು ಬಿಡುವವರೇ ಹೆಚ್ಚು. ಮೂಲ ದತ್ತಾಂಶವನ್ನು ಮಾತ್ರ ಇಂದಿನಿಂದಲೇ ಸಿಎಸ್‌ವಿ ಕಡತದಲ್ಲಿ ಇಡಿ. ಮುಂದೆ ಯಾವ ತಂತ್ರಾಂಶಕ್ಕೆ ಹೋದರೂ ಅದು ತೆರೆಯುತ್ತದೆ.