ಬಿಳಿ ಚುಕ್ಕೆ ಕಂಡರೆ ಎಂಎಸ್, ಕಾಣದಿದ್ದರೆ ಟೆನ್ಶನ್?

ಕಾಲು ಜೋಮು ಹಿಡಿದು ವಾರವಾದರೂ ಬಿಡುವುದಿಲ್ಲ. ಒಂದು ಕಣ್ಣು ಮಂಜಾಗುತ್ತದೆ, ಹೊರಳಿಸಿದರೆ ನೋಯುತ್ತದೆ. ನಡೆಯುವಾಗ ದೇಹ ಒಂದು ಕಡೆಗೆ ವಾಲುತ್ತದೆ. ಇಂಥ ತೊಂದರೆಗಳೊಂದಿಗೆ ನರರೋಗ ತಜ್ಞರ ಬಳಿ ಹೋಗಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಮನೆಯವರೆಲ್ಲ ಎಂಆರ್‌ಐ ರಿಪೋರ್ಟಿಗಾಗಿ ಕಾಯುತ್ತಾರೆ. ನಾರ್ಮಲ್ ಬಂದರೆ 'ಏನೂ ಇಲ್ಲವಂತೆ, ಬರೀ ಟೆನ್ಶನ್ ಅಂತೆ'. ಬಿಳಿ ಚುಕ್ಕೆ ಬಂದರೆ 'ಎಂಎಸ್ ಅಂತೆ'. ಇವೆರಡೂ ಒಂದಕ್ಕೊಂದು ವಿರುದ್ಧವಾದ ತೀರ್ಮಾನಗಳಂತೆ ತೋರಿದರೂ ಎರಡರ ಹಿಂದಿರುವ ತಪ್ಪು ಒಂದೇ. ಮೆಷಿನ್ನೇ ರೋಗದ ಹೆಸರು ಹೇಳುತ್ತದೆ ಎಂಬ ನಂಬಿಕೆ ಅದು. ರೋಗನಿರೋಧಕ ವ್ಯವಸ್ಥೆ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮಯಲಿನ್ ಹೊದಿಕೆಯ ಮೇಲೆ ಎರಗುವ ಈ ಕಾಯಿಲೆಯನ್ನು ಪ್ಯಾರಿಸಿನ ವೈದ್ಯ ಶಾರ್ಕೋ 1868ರಲ್ಲೇ ವಿವರಿಸಿದ್ದ. ಆದರೂ ಹೌದು ಅಥವಾ ಅಲ್ಲ ಎಂದು ಒಂದೇ ಏಟಿಗೆ ಹೇಳುವ ಪರೀಕ್ಷೆ ಇವತ್ತಿಗೂ ಇಲ್ಲ. ಇರುವುದು ಸಾಕ್ಷ್ಯಗಳನ್ನು ಜೋಡಿಸಿ ನೋಡುವ ಒಂದು ಕ್ರಮ. 2001ರಲ್ಲಿ ರೂಪುಗೊಂಡು 2005, 2010, 2017, 2024ರಲ್ಲಿ ಪರಿಷ್ಕಾರಗೊಂಡ ಮೆಕ್‌ಡೊನಾಲ್ಡ್ ಮಾನದಂಡ ಮುಖ್ಯವಾಗಿ ಕೇಳುವುದು ಮೂರು ಮಾತು: ಹಾನಿ ನರವ್ಯೂಹದ ಒಂದಕ್ಕಿಂತ ಹೆಚ್ಚು ಜಾಗದಲ್ಲಿದೆಯೇ, ಬೇರೆ ಬೇರೆ ಕಾಲದಲ್ಲಿ ಆಗಿದೆಯೇ, ಇದಕ್ಕಿಂತ ಚೆನ್ನಾಗಿ ಹೊಂದುವ ಬೇರೆ ಕಾರಣ ಇಲ್ಲವೇ. ಜನ ಮೊದಲ ಎರಡನ್ನು ಬೇಗ ಕಲಿಯುತ್ತಾರೆ. ಗೋಜಲು ಬಿಡಿಸುವುದು ಮೂರನೆಯದು.

ಮೊದಲು 'ನಾರ್ಮಲ್' ಎಂಬ ಮಾತನ್ನೇ ನೋಡೋಣ. ಯಾವ ಭಾಗದ ಸ್ಕ್ಯಾನ್ ನಾರ್ಮಲ್? ಸೊಂಟದಿಂದ ಕೆಳಗೆ ಮರಗಟ್ಟಿದವರಿಗೆ ಮೆದುಳಿನ ಎಂಆರ್‌ಐ ಮಾತ್ರ ಆಗಿದ್ದರೆ, ತೊಂದರೆ ಇರಬಹುದಾದ ಬೆನ್ನುಹುರಿಯನ್ನು ಯಾರೂ ನೋಡಿಯೇ ಇಲ್ಲ ಎಂದರ್ಥ. ಯಾವಾಗ ತೆಗೆದದ್ದು ಎಂಬುದೂ ಮುಖ್ಯ. ಗ್ಯಾಡೊಲಿನಿಯಂ ಕಾಂಟ್ರಾಸ್ಟ್ ಕೊಟ್ಟಾಗ ಹೊಸ ಉರಿಯೂತ ಹೊಳೆಯುವುದು ಸಾಮಾನ್ಯವಾಗಿ ಕೆಲವು ವಾರ ಮಾತ್ರ, ಮೊದಲೇ ಸ್ಟೆರಾಯ್ಡ್ ಹಾಕಿದ್ದರೆ ಆ ಹೊಳಪು ಇನ್ನೂ ಬೇಗ ಅಡಗುತ್ತದೆ. ಹಾಗೆಂದು ನಾರ್ಮಲ್ ಸ್ಕ್ಯಾನಿಗೆ ಬೆಲೆಯೇ ಇಲ್ಲ ಎನ್ನುವುದು ಇನ್ನೊಂದು ಅತಿರೇಕ. ಅಮೆರಿಕದಲ್ಲಿ ಕಣ್ಣಿನ ನರದ ಉರಿಯೂತ ಬಂದವರನ್ನು 15 ವರ್ಷ ಹಿಂಬಾಲಿಸಿದ ಹೆಸರಾಂತ ಅಧ್ಯಯನವೊಂದಿದೆ. ಅದರಲ್ಲಿ ಶುರುವಿನ ಮೆದುಳಿನ ಸ್ಕ್ಯಾನಿನಲ್ಲಿ ಒಂದಾದರೂ ಚುಕ್ಕೆ ಇದ್ದವರಲ್ಲಿ ಶೇ. 72ರಷ್ಟು ಮಂದಿಗೆ ಮುಂದೆ ಎಂಎಸ್ ಬಂತು, ಒಂದೂ ಇಲ್ಲದವರಲ್ಲಿ ಶೇ. 25ರಷ್ಟು ಮಂದಿಗೆ. ಅಂದರೆ ನಾರ್ಮಲ್ ಸ್ಕ್ಯಾನ್ ಅಪಾಯವನ್ನು ಬಹಳಷ್ಟು ಇಳಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಅದೂ ಮೊದಲ ಆಘಾತದ, ಅಂದರೆ ಕಾಯಿಲೆ ಮೊದಲ ಸಲ ಎರಗಿದ ಹೊತ್ತಿನ ಲೆಕ್ಕ. ನಾಲ್ಕೈದು ವರ್ಷದಿಂದ ತೊಂದರೆ ಇದ್ದು, ಮೆದುಳು ಮತ್ತು ಇಡೀ ಬೆನ್ನುಹುರಿಯ ಒಳ್ಳೆಯ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಎಂಎಸ್ ಇರುವ ಸಾಧ್ಯತೆ ತೀರಾ ಕಡಿಮೆ. ಆಗಲೂ ಅದೇ ಹೆಸರನ್ನು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದಕ್ಕಿಂತ, ಹಾಗಾದರೆ ಇದು ಇನ್ನೇನು ಎಂದು ಕೇಳುವುದು ಲೇಸು.

ಬಿಳಿ ಚುಕ್ಕೆಯ ಕತೆ ಇದಕ್ಕಿಂತ ತೊಡಕಿನದು. ರೇಡಿಯಾಲಜಿಸ್ಟ್ ಬರೆಯುವ 'ಡಿಮಯಲಿನೇಷನ್ ಇರಬಹುದು, ಕ್ಲಿನಿಕಲ್ ಆಗಿ ಹೊಂದಿಸಿ ನೋಡಿ' ಎಂಬ ಸಾಲಿನಲ್ಲಿ ಮನೆಯವರ ಕಣ್ಣು ಮೊದಲರ್ಧದಲ್ಲೇ ನಿಂತುಬಿಡುತ್ತದೆ, ನಿಜವಾದ ಸಲಹೆ ಇರುವುದು ಎರಡನೆಯರ್ಧದಲ್ಲಿ. ಮೈಗ್ರೇನ್ ಇರುವವರ ಮೆದುಳಿನಲ್ಲಿ, ಬಿಪಿ ಇರುವವರಲ್ಲಿ, ವಯಸ್ಸಾದವರಲ್ಲಿ ಇಂಥ ಚುಕ್ಕೆಗಳು ಧಾರಾಳ. ಎಂಎಸ್‌ನ ಚುಕ್ಕೆಗೆ ತನ್ನದೇ ಜಾಗ, ಆಕಾರ ಇರುತ್ತದೆ: ಮೆದುಳಿನ ನೀರುಗೂಡುಗಳ ಅಂಚಿಗೆ ತಾಗಿ ಅಂಡಾಕಾರದಲ್ಲಿ, ತೊಗಟೆಗೆ ಒತ್ತಿಕೊಂಡು, ಮೆದುಳು ಕಾಂಡ ಮತ್ತು ಕಿರುಮೆದುಳಿನಲ್ಲಿ, ಬೆನ್ನುಹುರಿಯಲ್ಲಿ. 2024ರ ಪರಿಷ್ಕಾರ ಕಣ್ಣಿನ ನರವನ್ನೂ ಈ ಪಟ್ಟಿಗೆ ಸೇರಿಸಿತು. ಚುಕ್ಕೆಯ ನಡುವೆ ಸಣ್ಣ ರಕ್ತನಾಳ ಹಾದುಹೋಗಿದೆಯೇ ಎಂಬ ಗುರುತಿಗೂ ಅದು ಮನ್ನಣೆ ಕೊಟ್ಟಿತು, ಏಕೆಂದರೆ ಎಂಎಸ್ ಉರಿಯೂತ ಹಬ್ಬುವುದು ಸಣ್ಣ ಅಭಿಧಮನಿಗಳ ಸುತ್ತ. ಎಲ್ಲಕ್ಕಿಂತ ಮಿಗಿಲಾದ, ಬಹಳ ಜನ ಮರೆಯುವ ಸಂಗತಿ ಬೇರೆಯೇ ಇದೆ. ಈ ಮಾನದಂಡ ಹುಟ್ಟಿದ್ದೇ ಎಂಎಸ್‌ಗೆ ತಕ್ಕ ಆಘಾತ ಆಗಿರುವವರಿಗಾಗಿ. ಬರೀ ತಲೆನೋವು, ಸುಸ್ತು, ತಲೆಸುತ್ತು ಎಂದು ಬಂದವರ ಸ್ಕ್ಯಾನಿಗೆ ಅದನ್ನು ಹಚ್ಚಿದರೆ ಲೆಕ್ಕ ತಪ್ಪುತ್ತದೆ. ತಪ್ಪಿಯೂ ಇದೆ. ಲಾಸ್ ಏಂಜಲಿಸ್‌ನ ಎರಡು ದೊಡ್ಡ ಕೇಂದ್ರಗಳಿಗೆ ಎಂಎಸ್ ಹಣೆಪಟ್ಟಿ ಹೊತ್ತು ಹೊಸದಾಗಿ ಬಂದ 241 ಜನರನ್ನು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟವಾಯಿತು. ಅವರಲ್ಲಿ 43 ಜನರಿಗೆ, ಅಂದರೆ ಶೇ. 18ರಷ್ಟು ಮಂದಿಗೆ, ಎಂಎಸ್ ಇರಲೇ ಇಲ್ಲ. ಅದಕ್ಕೂ ಮೊದಲು, 2016ರಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ ಹೀಗೆ ತಪ್ಪು ಹೆಸರು ಪಡೆದ 110 ಜನರ ವಿವರ ಕೊಟ್ಟಿತ್ತು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಆ ಹೆಸರಿನಲ್ಲೇ ಬದುಕಿದ್ದರು. ಶೇ. 70ರಷ್ಟು ಮಂದಿ ಎಂಎಸ್ ಔಷಧಿಯನ್ನೂ ತೆಗೆದುಕೊಂಡಿದ್ದರು. ನಿಜವಾಗಿ ಇದ್ದ ಕಾಯಿಲೆಗಳ ಪಟ್ಟಿಯಲ್ಲಿ ಮೈಗ್ರೇನ್ ಮೊದಲ ಸಾಲಿನಲ್ಲಿತ್ತು.

ಸ್ಕ್ಯಾನ್ ಕೈಕೊಟ್ಟರೆ ಬೆನ್ನುನೀರು ಹೇಳುತ್ತದೆ ಎನ್ನುವವರಿದ್ದಾರೆ. ಬೆನ್ನುನೀರಿನಲ್ಲಿ ಹುಡುಕುವುದು ಆಲಿಗೊಕ್ಲೋನಲ್ ಬ್ಯಾಂಡ್ ಎಂಬ ಪ್ರತಿಕಾಯಗಳ ಪಟ್ಟೆಗಳನ್ನು. ಅದೇ ದಿನ ತೆಗೆದ ರಕ್ತದಲ್ಲಿ ಇಲ್ಲದೆ ಬೆನ್ನುನೀರಿನಲ್ಲಿ ಮಾತ್ರ ಕನಿಷ್ಠ ಎರಡು ಪಟ್ಟೆ ಕಂಡರೆ ಅದಕ್ಕೆ ಅರ್ಥ. ರಕ್ತ ಕಳಿಸದೆ ಬರೀ ಬೆನ್ನುನೀರು ಲ್ಯಾಬಿಗೆ ಹೋದರೆ, ಸೂಜಿ ಚುಚ್ಚಿಸಿಕೊಂಡದ್ದಷ್ಟೇ ಲಾಭ. ಪಶ್ಚಿಮದ ರೋಗಿಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಈ ಪಟ್ಟೆಗಳು ಸಿಗುತ್ತವೆ, ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ ಮಂದಿಗೆ. ಹಾಗಾಗಿ ನೆಗೆಟಿವ್ ಬಂತೆಂದು ಎಂಎಸ್ ತಳ್ಳಿಹಾಕಲಾಗದು. ಮೆದುಳಿನ ಸೋಂಕು, ಸಾರ್ಕಾಯ್ಡ್, ಲೂಪಸ್‌ನಂಥ ಕಾಯಿಲೆಗಳಲ್ಲೂ ಪಟ್ಟೆ ಕಾಣುವುದರಿಂದ ಪಾಸಿಟಿವ್ ಬಂತೆಂದು ಮುದ್ರೆ ಒತ್ತುವಂತೆಯೂ ಇಲ್ಲ.

ಬೇರೆ ಕಾರಣ ಇಲ್ಲವೇ ಎಂಬ ಮೂರನೆಯ ಪ್ರಶ್ನೆಯ ತೂಕ ನಮ್ಮಲ್ಲಿ ಇನ್ನೂ ಹೆಚ್ಚು. ಬಿ12 ಕೊರತೆ ಬೆನ್ನುಹುರಿಯ ಹಿಂಭಾಗವನ್ನು ಕೆಡಿಸಿ ಜೋಮು, ತೂರಾಟ ತರುತ್ತದೆ. ಸಸ್ಯಾಹಾರ ಹೆಚ್ಚಿರುವ ಕಡೆ ಇದೇನೂ ಅಪರೂಪವಲ್ಲ, ಸರಿಯಾದ ಹೊತ್ತಿಗೆ ಸಿಕ್ಕರೆ ಇಂಜೆಕ್ಷನ್ನಿಗೆ ಬಗ್ಗುತ್ತದೆ. ಕ್ಷಯ ಮೆದುಳಿಗೂ ಬೆನ್ನುಹುರಿಗೂ ಇಳಿಯಬಲ್ಲದು. ಇನ್ನು ನ್ಯೂರೋಮಯಲೈಟಿಸ್ ಆಪ್ಟಿಕಾ, ಅಂದರೆ ಎನ್‌ಎಂಒ. ಬಹುಕಾಲ ಇದನ್ನು ಎಂಎಸ್‌ನ ಒಂದು ಬಗೆ ಎಂದೇ ಹಲವರು ಎಣಿಸಿದ್ದರು. 2004ರಲ್ಲಿ ಅದಕ್ಕೇ ಮೀಸಲಾದ ಪ್ರತಿಕಾಯ ರಕ್ತದಲ್ಲಿ ಪತ್ತೆಯಾದ ಮೇಲೆ ದಾರಿ ಬೇರೆಯಾಯಿತು. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಎಂಎಸ್ ಲಕ್ಷಕ್ಕೆ ಸುಮಾರು ಎಂಟು ಮಂದಿಯಲ್ಲಿತ್ತು, ಎನ್‌ಎಂಒ ಎರಡು-ಮೂರು ಮಂದಿಯಲ್ಲಿ. ಯುರೋಪಿನಲ್ಲಿ ಎಂಎಸ್ ನಮ್ಮ ಹತ್ತಾರು ಪಟ್ಟು, ಎನ್‌ಎಂಒ ಅದರ ಮುಂದೆ ತೀರಾ ವಿರಳ. ಅಲ್ಲಿನ ವೈದ್ಯರಿಗೆ ಎನ್‌ಎಂಒ ಅಪರೂಪಕ್ಕೆ ಹೊಳೆಯಬೇಕಾದ ಯೋಚನೆ, ಇಲ್ಲಿನವರಿಗೆ ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಾಲಿಜುಮ್ಯಾಬ್‌ಗಳು ಎನ್‌ಎಂಒ ಇದ್ದವರಿಗೆ ಕಾಯಿಲೆಯನ್ನು ಕೆರಳಿಸಬಲ್ಲವು. ಸ್ಟೆರಾಯ್ಡ್‌ಗೆ ಸುಧಾರಿಸಿತು, ಆದ್ದರಿಂದ ಎಂಎಸ್ಸೇ ಎಂಬ ತರ್ಕವೂ ಇಲ್ಲಿ ಬಿದ್ದುಹೋಗುತ್ತದೆ: ಎನ್‌ಎಂಒ, ಸಾರ್ಕಾಯ್ಡ್, ಮೆದುಳಿನ ಲಿಂಫೋಮ ಕೂಡ ಸ್ಟೆರಾಯ್ಡಿಗೆ ತಾತ್ಕಾಲಿಕವಾಗಿ ತಗ್ಗುತ್ತವೆ.

ಹೀಗೆ ಸಾಕ್ಷ್ಯ ಜೋಡಿಸಿ ನೋಡುವ ಕ್ರಮಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ಬೇಗ ಔಷಧಿ ಶುರುಮಾಡಿದಷ್ಟೂ ಒಳ್ಳೆಯದು ಎನ್ನುತ್ತಾರಲ್ಲ, ಹೀಗೆ ತೂಗಿ ಅಳೆಯುತ್ತ ಕೂತರೆ ಅಷ್ಟರಲ್ಲಿ ನರ ಹಾಳಾಗುವುದಿಲ್ಲವೇ? ಬೇಗ ಶುರುಮಾಡುವುದರಿಂದ ಲಾಭವಿದೆ ಎಂಬುದು ನಿಜ, 2000ದಿಂದ ಈಚೆಗಿನ ಔಷಧ ಪ್ರಯೋಗಗಳು ಅದನ್ನು ತೋರಿಸಿವೆ. ಆದರೆ ಆ ಪ್ರಯೋಗಗಳು ನಡೆದದ್ದು ಯಾರ ಮೇಲೆ ಎಂಬುದನ್ನೂ ನೋಡಬೇಕು. ತಕ್ಕ ಆಘಾತ ಒಮ್ಮೆ ಆಗಿ, ಸ್ಕ್ಯಾನಿನಲ್ಲಿ ತಕ್ಕ ಜಾಗದಲ್ಲಿ ಚುಕ್ಕೆಗಳೂ ಇದ್ದವರ ಮೇಲೆ. ಅಂಥವರಿಗೆ ಪೂರ್ತಿ ಹೆಸರು ಬರುವ ಮುನ್ನವೇ ಚಿಕಿತ್ಸೆ ಆರಂಭಿಸುವ ದಾರಿ ತೆರೆದಿದೆ. ಮೈಗ್ರೇನ್ ಇರುವವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ದುಬಾರಿ ಔಷಧಿ ಕೊಡಲು ಆ ಸಾಕ್ಷ್ಯವನ್ನು ಎರವಲು ಪಡೆಯುವಂತಿಲ್ಲ.

ಇನ್ನೊಂದು ಆಕ್ಷೇಪ ನೋವಿನಿಂದ ಬರುವಂಥದ್ದು: ಎಂಎಸ್ ಅಲ್ಲ ಎಂದರೆ ಎಲ್ಲ ನಾಟಕ ಎಂದ ಹಾಗಲ್ಲವೇ? ಅಲ್ಲ. ನರವ್ಯೂಹದ ರಚನೆ ಕೆಡದೆ ಅದರ ಕೆಲಸ ಮಾತ್ರ ಹದತಪ್ಪುವ ಫಂಕ್ಷನಲ್ ನರತೊಂದರೆ ಎಂಬುದು ಪರೀಕ್ಷೆಗಳು ಮುಗಿದ ಮೇಲೆ ಉಳಿದವರಿಗೆ ಹಚ್ಚುವ ಹೆಸರಲ್ಲ. ಉದಾಹರಣೆಗೆ, ಮಲಗಿಸಿ ಒಂದು ಕಾಲು ನೆಲಕ್ಕೆ ಒತ್ತಿ ಎಂದಾಗ ಬಲವೇ ಇಲ್ಲದ ಆ ಕಾಲು, ಇನ್ನೊಂದು ಕಾಲನ್ನು ಮೇಲೆತ್ತುವಾಗ ತಾನಾಗಿ ಬಲವಾಗಿ ಒತ್ತುವುದು ಅದರ ಒಂದು ನೇರ ಗುರುತು. ಅದು ನಟನೆಯಲ್ಲ, ಅದಕ್ಕೆ ಫಿಸಿಯೋಥೆರಪಿ ಸಹಿತ ಚಿಕಿತ್ಸೆ ಇದೆ. 'ಟೆನ್ಶನ್' ಎಂದು ಕೈತೊಳೆದುಕೊಳ್ಳುವ ವೈದ್ಯರು ಆ ಚಿಕಿತ್ಸೆಯನ್ನೂ ತಪ್ಪಿಸುತ್ತಾರೆ.

ಹೆಸರು ತೀರ್ಮಾನವಾಗದ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಆಘಾತ ಎಂದರೆ ಜ್ವರ, ಸೋಂಕು ಇಲ್ಲದೆ ಕನಿಷ್ಠ 24 ಗಂಟೆ ಉಳಿಯುವ ಹೊಸ ತೊಂದರೆ. ಬಂದುಹೋಗುವ ಕ್ಷಣಕಾಲದ ಜುಮ್ಮೆನಿಸುವಿಕೆ ಆ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಬಿಸಿಲಿನಲ್ಲಿ ಹಳೆಯ ತೊಂದರೆ ಹೆಚ್ಚಾಗುವುದೂ ಬರುವುದಿಲ್ಲ. ಹೀಗಾಗಿ ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಜ್ವರ ಇತ್ತೇ ಎಂದು ಬರೆದಿಟ್ಟ ಚೀಟಿಗೆ ಬೆಲೆಯಿದೆ. ತೊಂದರೆ ಇರುವಾಗಲೇ ವೈದ್ಯರು ಪರೀಕ್ಷಿಸಿ ಬರೆದ ಟಿಪ್ಪಣಿಗೆ ಅದಕ್ಕಿಂತ ಹೆಚ್ಚು ಬೆಲೆ. ಮರುಸ್ಕ್ಯಾನ್ ಆದಷ್ಟೂ ಅದೇ ಮೆಷಿನ್ನಿನಲ್ಲಿ, ಅದೇ ಕ್ರಮದಲ್ಲಿ ಆಗಲಿ. ಸೆಕೆಂಡ್ ಒಪಿನಿಯನ್‌ಗೆ ಹೋಗುವಾಗ ರಿಪೋರ್ಟಿನ ಹಾಳೆಯ ಜೊತೆಗೆ ಹಳೆಯ ಸ್ಕ್ಯಾನುಗಳ ಸಿಡಿಯೂ ಇರಲಿ, ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಯಾವ ಚುಕ್ಕೆ ಹೊಸದು, ಯಾವುದು ಹಳೆಯದು ಎಂದು ಯಾರೂ ಹೇಳಲಾರರು.