ಟಿಬೆಟನ್ ಸ್ವೆಟರ್ ಹೆಣೆದವರು ಯಾರು?

ಚಳಿ ಶುರುವಾಗುತ್ತಲೇ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲುಗಟ್ಟುತ್ತವೆ. ಕೊಳ್ಳಲು ಬಂದವರು ತೋಳನ್ನು ಎಳೆದು, ಸವರಿ, ಮೊದಲು ಕೇಳುವುದು ಒಂದೇ ಪ್ರಶ್ನೆ: “ನೀವೇ ಹೆಣೆದದ್ದಾ?” ಅಂಗಡಿಯಾಕೆ ನಕ್ಕು ಸುಮ್ಮನಾಗುತ್ತಾರೆ. ಆ ನಗುವನ್ನೇ ಹೌದೆಂದುಕೊಂಡು ಗಿರಾಕಿ ಚೌಕಾಸಿಗೆ ಇಳಿಯುತ್ತಾನೆ.

ಆ ಸ್ವೆಟರುಗಳಲ್ಲಿ ಬಹುಪಾಲು ಬರುವುದು ಪಂಜಾಬಿನ ಲುಧಿಯಾನದ ಕಾರ್ಖಾನೆಗಳಿಂದ. ಅಲ್ಲಿನ ಸಗಟು ವ್ಯಾಪಾರಿಗಳು ಟಿಬೆಟನ್ನರಿಗೆ ಮಾಲನ್ನು ಸಾಲವಾಗಿ ಕೊಡುವುದು, ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುವುದು ದಶಕಗಳಿಂದ ನಡೆದುಬಂದ ವ್ಯವಹಾರ. ಹೆಣೆದದ್ದು ಯಂತ್ರ, ಮಾರುವುದು ಟಿಬೆಟನ್ನರು.

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಕಡೆಯ ಬೆಟ್ಟದ ದಾರಿ ಹಿಡಿದರೆ ಸಿಗುವ ಒಡೆಯರಪಾಳ್ಯಕ್ಕೆ ಹೋದವರಿಗೆ ಈ ವ್ಯಾಪಾರದ ಕಾರಣ ತಾನಾಗಿ ತಿಳಿಯುತ್ತದೆ. ಇಲ್ಲಿನ ಧೋಂಡೆನ್‌ಲಿಂಗ್ ಟಿಬೆಟನ್ ವಸತಿ 1970ರ ದಶಕದ ಮೊದಲರ್ಧದಲ್ಲಿ ನೆಲೆಗೊಂಡದ್ದು. ಬೈಲಕುಪ್ಪೆ, ಮುಂಡಗೋಡು, ಹುಣಸೂರು ಕಡೆಯ ಗುರುಪುರ ಇವುಗಳಿಗಿಂತ ಆಮೇಲಿನದು. ಬೇಸಾಯವೆಲ್ಲ ಮಳೆ ನಂಬಿದ್ದು, ಮುಖ್ಯ ಬೆಳೆ ಮುಸುಕಿನ ಜೋಳ. ತೆನೆ ಮುರಿದು ಮಾರಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಆ ಬಿಡುವಿನ ತಿಂಗಳುಗಳಲ್ಲಿ ಮನೆಯ ದುಡಿಯುವ ಮಂದಿ ಸ್ವೆಟರ್ ವ್ಯಾಪಾರಕ್ಕೆ ಪರಊರು ಸೇರುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಈ ವ್ಯಾಪಾರವೇ.

ಟಿಬೆಟನ್ನರೇ ಹೆಣೆದದ್ದೆಂಬ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. 1959ರ ನಂತರ ಗಡಿ ದಾಟಿ ಬಂದವರು ಹಿಮಾಲಯದ ರಸ್ತೆ ಕೆಲಸದಲ್ಲಿ ಕೂಲಿ ಮಾಡುತ್ತಾ, ಕೈಯಲ್ಲಿ ಹೆಣೆದ ಸ್ವೆಟರುಗಳನ್ನು ಮಾರಿದ್ದು ನಿಜ. ಬೇಡಿಕೆ ಬೆಳೆದಂತೆ ಕೈ ಸಾಲದಾಯಿತು, ಲುಧಿಯಾನ ಸಿಕ್ಕಿತು. ಮಾಲು ಬದಲಾದರೂ ಕೊಳ್ಳುವವರ ತಲೆಯಲ್ಲಿ ಹಳೆಯ ಚಿತ್ರವೇ ಉಳಿಯಿತು. ಇನ್ನೂ ಒಂದು ಮಾತು: ಸ್ವೆಟರ್ ಟಿಬೆಟಿನ ಪರಂಪರೆಯ ಉಡುಪೂ ಅಲ್ಲ. ಅವರ ನಿಲುವಂಗಿ ಚುಬಾ ನೇಯ್ದ ಉಣ್ಣೆಬಟ್ಟೆಯಲ್ಲೋ ಕುರಿಯ ಚರ್ಮದಲ್ಲೋ ಹೊಲಿದದ್ದು.

ಇಷ್ಟಕ್ಕೂ ಒಪ್ಪದವರು ಲೆಕ್ಕ ಹಾಕಿ ನೋಡಬಹುದು. ಮಧ್ಯಮ ದಪ್ಪದ ದಾರದಲ್ಲಿ 10 ಸೆಂ.ಮೀ. ಅಗಲಕ್ಕೆ ಸುಮಾರು 20 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು ಬರುತ್ತವೆ ಎಂದುಕೊಳ್ಳಿ. ಎದೆಯ ಸುತ್ತಳತೆ 100, ಉದ್ದ 60 ಸೆಂ.ಮೀ. ಇರುವ ಸ್ವೆಟರಿನ ಮೈಭಾಗಕ್ಕೇ 33,000ಕ್ಕಿಂತ ಹೆಚ್ಚು ಕುಣಿಕೆ ಬೇಕು. ಎರಡು ತೋಳು ಸೇರಿದರೆ 50,000ದ ಹತ್ತಿರ. ನಿಮಿಷಕ್ಕೆ 30 ಕುಣಿಕೆ ಹಾಕುವ ಪಳಗಿದ ಕೈಗೂ ಇದು 28 ಗಂಟೆಯ ಕೆಲಸ. ದಿನಕ್ಕೆ ನಾಲ್ಕು ಗಂಟೆ ಕೂತರೆ ಒಂದು ವಾರ ಹಿಡಿಯಿತು. ಅಂಗಡಿಯಲ್ಲಿ ಮಡಚಿಟ್ಟ ಇನ್ನೂರು ಸ್ವೆಟರ್ ಒಬ್ಬಳೇ ಹೆಣೆಯಬೇಕೆಂದರೆ ಹೆಚ್ಚುಕಡಿಮೆ ನಾಲ್ಕು ವರ್ಷ. ಅಂಥದ್ದನ್ನು ಕೆಲವು ನೂರು ರೂಪಾಯಿಗೆ ಕೇಳುತ್ತೇವಲ್ಲ, ನಮ್ಮ ಚೌಕಾಸಿಯ ಧೈರ್ಯ ದೊಡ್ಡದು.

ಯಂತ್ರದ್ದೋ ಕೈಯದ್ದೋ ತಿಳಿಯಲು ಮೇಲ್ಮೈ ನೋಡಿ ಪ್ರಯೋಜನವಿಲ್ಲ. ನುರಿತವರ ಕೈಹೆಣಿಗೆ ಅಚ್ಚಿನಲ್ಲಿ ತೆಗೆದಷ್ಟು ಸಮವಾಗಿರುತ್ತದೆ. ಸ್ವೆಟರನ್ನು ಒಳಮಗ್ಗುಲು ತಿರುಗಿಸಿ ಪಕ್ಕದ ಜೋಡಣೆ ನೋಡಿ. ಬಟ್ಟೆಯನ್ನು ಕತ್ತರಿಸಿ, ತೆಳು ದಾರದಲ್ಲಿ ಓವರ್‌ಲಾಕ್ ಹಾಕಿದ್ದರೆ ಅದು ಯಂತ್ರದ್ದು. ಕೈಹೆಣಿಗೆಯಲ್ಲಿ ಸಾಮಾನ್ಯವಾಗಿ ಕತ್ತರಿಗೆ ಕೆಲಸವೇ ಇರುವುದಿಲ್ಲ. ತೋಳು, ಕಂಕುಳಿನ ಆಕಾರವೆಲ್ಲ ಕುಣಿಕೆ ಹೆಚ್ಚಿಸಿ ಕಡಿಮೆ ಮಾಡಿಯೇ ಬಂದಿರುತ್ತದೆ. ಯಂತ್ರವೆಂದರೆ ಇತ್ತೀಚಿನದು ಎಂದುಕೊಳ್ಳುವುದೂ ಬೇಡ. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಮಾಡಿದ್ದು 1589ರಲ್ಲಿ.

ಹಾಗಾದರೆ ಟಿಬೆಟನ್ನರಿಗೆ ಕೈಕೆಲಸವೇ ಇಲ್ಲ ಎಂದುಕೊಂಡರೆ ಇನ್ನೊಂದು ತಪ್ಪಿಗೆ ಬಿದ್ದಂತೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಮಡಿಲಲ್ಲಿ ಕಡ್ಡಿಗಳು ಆಡುತ್ತಿರುವುದನ್ನು ನೋಡಿರುತ್ತೀರಿ. ಮಗುವಿನ ಕಾಲುಚೀಲ, ಮೊಮ್ಮಗನ ಟೋಪಿ. ಅದು ಮಾರಾಟಕ್ಕಿಲ್ಲ. ಮಾರುವುದು ಯಂತ್ರದ್ದು, ಹೆಣೆಯುವುದು ಮನೆಯವರಿಗೆ. ಹವ್ಯಾಸವೂ ಜೀವನೋಪಾಯವೂ ಒಂದೇ ಮೇಜಿನ ಮೇಲಿದ್ದರೂ ಒಂದರೊಳಗೊಂದು ಬೆರೆತಿಲ್ಲ.

ಮಾರಾಟಕ್ಕಿರುವ ನಿಜವಾದ ಕೈಕೆಲಸವೆಂದರೆ ರತ್ನಗಂಬಳಿ. ನಿರಾಶ್ರಿತರ ಪುನರ್ವಸತಿಯ ಮೊದಲ ವರ್ಷಗಳಿಂದಲೇ ಅದು ಅವರ ಕೈಹಿಡಿದ ಕಸುಬು. 1959ರಲ್ಲೇ ಡಾರ್ಜಿಲಿಂಗಿನಲ್ಲಿ ಶುರುವಾದ ಸ್ವಸಹಾಯ ಕೇಂದ್ರದಲ್ಲೂ ಅದಕ್ಕೆ ಜಾಗ ಸಿಕ್ಕಿತು. ‘ರತ್ನಗಂಬಳಿ ಎಲ್ಲಿಯದಾದರೂ ಒಂದೇ’ ಎನ್ನುವವರು ಮಗ್ಗದ ಮುಂದೆ ಒಮ್ಮೆ ನಿಲ್ಲಬೇಕು. ಪರ್ಷಿಯಾದ ಪದ್ಧತಿಯಲ್ಲಿ ಒಂದೊಂದು ಗಂಟನ್ನೂ ಹಾಕಿ ಅಲ್ಲಲ್ಲೇ ದಾರ ಕತ್ತರಿಸುತ್ತಾರೆ. ಟಿಬೆಟನ್ ನೇಕಾರ್ತಿ ಹಾಸಿನ ಎಳೆಗಳ ಮುಂದೆ ಅಡ್ಡಲಾಗಿ ಒಂದು ಸರಳು ಹಿಡಿದು, ದಾರವನ್ನು ಎಳೆಗಳಿಗೂ ಸರಳಿಗೂ ಸುತ್ತುತ್ತಾ ಸಾಲು ಮುಗಿಸುತ್ತಾಳೆ. ಸುತ್ತಿಗೆಯಲ್ಲಿ ಬಡಿದು ಸಾಲನ್ನು ಬಿಗಿ ಮಾಡಿ, ಸರಳಿನ ಮೇಲೆ ಚಾಕು ಓಡಿಸಿದರೆ ಇಡೀ ಸಾಲಿನ ಕುಣಿಕೆಗಳು ಒಮ್ಮೆಗೇ ಸೀಳಿ ಮಖಮಲ್ಲಿನಂತೆ ನಿಲ್ಲುತ್ತವೆ. ಸರಳು ಎಷ್ಟು ದಪ್ಪವೋ ಕಂಬಳಿಯ ಜುಂಗು ಅಷ್ಟು ಉದ್ದ. ಮದುವೆಯಾದ ಹೆಂಗಸರು ಚುಬಾದ ಮುಂದೆ ಕಟ್ಟುವ ಪಟ್ಟೆಪಟ್ಟೆಯ ಪಂಗ್ದೆನ್ ಕೂಡ ಮಗ್ಗದ ಕೆಲಸ, ಕಸೂತಿಯಲ್ಲ. ಕಿರುಮಗ್ಗದಲ್ಲಿ ನೇಯ್ದ ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿದದ್ದು. ಪಟ್ಟೆಗಳು ಒಂದಕ್ಕೊಂದು ಹೊಂದದಿರುವುದು ಹೊಲಿದವರ ತಪ್ಪಲ್ಲ, ಬೇಕೆಂದೇ ಹಾಗೆ ಕೂಡಿಸಿರುತ್ತಾರೆ.

“ಸೂಜಿ ಕೆಲಸ ಹೆಂಗಸರದ್ದು”

ಈ ಮಾತನ್ನು ಒಡೆಯರಪಾಳ್ಯದಲ್ಲೇ ಪರೀಕ್ಷೆಗೆ ಒಡ್ಡಬಹುದು. ಇಲ್ಲಿನ ಝೋಗ್ಚೆನ್ ಮಠದ ಪ್ರಾರ್ಥನಾ ಮಂದಿರದಲ್ಲಿ ತಲೆಯೆತ್ತಿ ನೋಡಿ. ಕಂಬದ ಆಕಾರದಲ್ಲಿ ಇಳಿಬಿದ್ದ ಜರಿಬಟ್ಟೆಯ ಧ್ವಜಗಳು, ಥಂಕಾ ಚಿತ್ರಗಳ ಸುತ್ತಲಿನ ರೇಷ್ಮೆಯ ಚೌಕಟ್ಟು, ಎಲ್ಲವೂ ಹೊಲಿಗೆ ಕೆಲಸ. ಟಿಬೆಟಿನಲ್ಲಿ ಈ ಹೊಲಿಗೆ ಬಹುಮಟ್ಟಿಗೆ ಗಂಡಸರ ವಿದ್ಯೆ. ರೇಷ್ಮೆಯ ತುಂಡುಗಳನ್ನು ಕತ್ತರಿಸಿ ಕೂಡಿಸಿ, ಮಠದ ಗೋಡೆಯನ್ನೇ ಮುಚ್ಚುವಷ್ಟು ದೊಡ್ಡ ಬುದ್ಧನನ್ನು ಹೊಲಿಯುತ್ತಿದ್ದವರು ಗಂಡು ದರ್ಜಿಗಳು, ಭಿಕ್ಷುಗಳು. ದಲೈ ಲಾಮಾ ಅವರ ಉಡುಪು ಹೊಲಿಯುವ ಮುಖ್ಯ ದರ್ಜಿಗೆ ಲಾಸಾದಲ್ಲಿ ಅಧಿಕಾರಿಯ ಸ್ಥಾನಮಾನವೇ ಇತ್ತು. ಬಯಲಿನ ಅಲೆಮಾರಿ ಗಂಡಸರು ಹಿಂಡಿನ ಹಿಂದೆ ನಡೆಯುತ್ತಲೇ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದರು.

ನಮ್ಮ ಕಡೆಯದೂ ನೋಡಿ. ಪೇಟೆಯ ದರ್ಜಿ ಗಂಡಸು. ಕಂಬಳಿಗೆ ಉಣ್ಣೆ ನೂತವಳು ಹೆಂಗಸಾದರೆ ಮಗ್ಗಕ್ಕೆ ಕೂತವನು ಗಂಡಸು. ಯುರೋಪಿನಲ್ಲಿ 16, 17ನೇ ಶತಮಾನದ ಹೆಣಿಗೆ ಸಂಘಗಳಲ್ಲಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಪಟ್ಟ ಪಡೆಯುತ್ತಿದ್ದವರು ಗಂಡಸರೇ. ನಾನು ಗಮನಿಸಿದ್ದು ಇಷ್ಟು: ಸೂಜಿಗೆ ಕೂಲಿ ಸಿಕ್ಕಲ್ಲಿ ಅದು ಗಂಡಸಿನ ಕಸುಬಾಗುತ್ತದೆ, ಸಿಗದ ಕಡೆ ಹೆಂಗಸಿನ ಹೊತ್ತು ಕಳೆಯುವ ಆಟವಾಗುತ್ತದೆ. ಕೊಳ್ಳೇಗಾಲವನ್ನೇ ನೋಡಿ, ರೇಷ್ಮೆಯ ಊರು. ಸೀರೆ ಇರುವಲ್ಲಿ ಕುಚ್ಚು ಇದ್ದೇ ಇರುತ್ತದೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುವವರನ್ನು ಕೇಳಿದರೆ “ಸುಮ್ನೆ ಟೈಂಪಾಸು” ಎನ್ನುತ್ತಾರೆ. ಕ್ರೋಶಾ ಕಡ್ಡಿಯಲ್ಲಿ ಮಾಡುವ ಕುಚ್ಚನ್ನು ಹಾಗೆ ಕರೆಯುವುದು ಅನ್ಯಾಯ. ನಿಟ್ಟಿಂಗನ್ನು ಯಂತ್ರ ಕಲಿತು 400 ವರ್ಷ ದಾಟಿತು. ಕೈಯಲ್ಲಿ ಹಾಕಿದ ನಿಜವಾದ ಕ್ರೋಶಾವನ್ನು ಹಾಗೆಯೇ ಮಾಡುವ ಕಾರ್ಖಾನೆ ಯಂತ್ರ ಇನ್ನೂ ಇಲ್ಲ. ಯಂತ್ರದಿಂದ ಬರುವುದು ಅದನ್ನು ಹೋಲುವ ಲೇಸು ಮಾತ್ರ. ಅಗ್ಗದ ಕ್ರೋಶಾ ಚೀಲ ಕಂಡರೆ, ಎಲ್ಲೋ ಯಾರಿಗೋ ಕೂಲಿ ಕಡಿಮೆ ಬಿದ್ದಿದೆ ಎಂದರ್ಥ.

“ಉಲ್ಲನ್ ಎಂದರೆ ಉಣ್ಣೆ, ಉಣ್ಣೆ ಎಂದರೆ ಕಡಿತ”

ಎರಡು ತಪ್ಪು ಒಂದೇ ಉಂಡೆಯಲ್ಲಿ ಸುತ್ತಿಕೊಂಡಿವೆ. ಫ್ಯಾನ್ಸಿ ಸ್ಟೋರಿನ ಬಣ್ಣಬಣ್ಣದ ಉಲ್ಲನ್ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ನೂಲು. ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿದರೆ ಗುಟ್ಟು ಬಯಲು. ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಪುಡಿಯಾಗುವ ಕರಿಯಾಗುತ್ತದೆ. ಬೆಂಕಿ ತೆಗೆದರೆ ತಾನೇ ಆರುವುದೂ ಉಂಟು. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಒಲೆಯ ಮುಂದೆ ಅಕ್ರಿಲಿಕ್ ಶಾಲು ಹೊದ್ದು ನಿಲ್ಲಬಾರದು. ಹಾಗೆಂದು ಅಕ್ರಿಲಿಕ್ ಕೆಟ್ಟದ್ದೇನೂ ಅಲ್ಲ. ಅಗ್ಗ, ಒಗೆಯಲು ಸುಲಭ, ಕಲಿಯುವವರಿಗೆ ತಪ್ಪು ಬಿಚ್ಚಿ ಮತ್ತೆ ಹೆಣೆಯಲು ಅನುಕೂಲ.

ಇನ್ನು ಕಡಿತ. ಅದನ್ನು ಅಲರ್ಜಿ ಎನ್ನುವವರೇ ಹೆಚ್ಚು, ನಿಜವಾದ ಉಣ್ಣೆ ಅಲರ್ಜಿ ಅಪರೂಪ. ಚುಚ್ಚುವುದು ಎಳೆಯ ದಪ್ಪ. ಸುಮಾರು 30 ಮೈಕ್ರಾನಿಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ; ಅದೇ ನಮಗೆ ಕಡಿತವೆನಿಸುವುದು. ಮೆರಿನೋ ಕುರಿಯ ಉಣ್ಣೆ 20 ಮೈಕ್ರಾನಿನ ಆಸುಪಾಸು, ಆದ್ದರಿಂದ ಮೃದು. ನಮ್ಮ ಡೆಕ್ಕನಿ ಕುರಿಯದು ಒರಟು. ಆ ಒರಟುತನಕ್ಕೆ ಹುಣಸೆ ಬೀಜದ ಗಂಜಿ ಸೇರಿಯೇ ಕುರುಬರ ಕಂಬಳಿ ಮಳೆ ಚಳಿ ತಡೆಯುವುದು. ಮೈಗೆ ತಾಗುವ ಬನಿಯನ್ನಿಗೆ ಅದನ್ನು ಬಳಸಿ ದೂರಿದರೆ ಅದು ಕುರಿಯ ತಪ್ಪಲ್ಲ. ಒಗೆದಾಗ ಉಣ್ಣೆ ಕುಗ್ಗುವುದಕ್ಕೂ ಬಿಸಿನೀರೊಂದೇ ಕಾರಣವಲ್ಲ. ಎಳೆಯ ಮೇಲಿನ ಸಣ್ಣ ಪೊರೆಗಳು ತಿಕ್ಕಾಟದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಿಕೊಳ್ಳಲಾರವು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಚಪ್ಪಟೆಯಾಗಿ ಒಣಹಾಕಿದರೆ ಸಾಕು.

“ಗ್ರಹಣದಲ್ಲಿ ಬಸುರಿ ಸೂಜಿ ಹಿಡಿದರೆ ಮಗುವಿಗೆ ಸೀಳುತುಟಿ”

ಸೂಜಿಯ ಸುತ್ತ ನಮ್ಮಲ್ಲಿ ನಿಷೇಧಗಳಿಗೆ ಬರವಿಲ್ಲ. ದೀಪ ಹಚ್ಚಿದ ಮೇಲೆ ನೆರೆಮನೆಗೆ ಸೂಜಿ ಕೊಡಬಾರದು, ತೊಟ್ಟ ಬಟ್ಟೆಯನ್ನು ಮೈಮೇಲೆ ಹೊಲಿಯಬಾರದು. ಇವುಗಳಿಂದ ಯಾರಿಗೂ ನಷ್ಟವಿಲ್ಲ. ಮಂದ ಬೆಳಕಿನಲ್ಲಿ ಸೂಜಿ ಕೈ ಬದಲಾಗದಿದ್ದರೆ ಒಳ್ಳೆಯದೇ. ಗ್ರಹಣದ ಮಾತು ಹಾಗಲ್ಲ. ಸೀಳುತುಟಿಯ ಮಗು ಹುಟ್ಟಿದರೆ ಮನೆಮಂದಿಯೆಲ್ಲ ತಾಯಿಯ ಕಡೆ ತಿರುಗಿ, ಆ ದಿನ ಏನು ಹೊಲಿದೆ, ಏನು ಕತ್ತರಿಸಿದೆ ಎಂದು ವಿಚಾರಣೆ ಶುರು ಮಾಡುತ್ತಾರೆ. ಹೆತ್ತ ನೋವಿನ ಮೇಲೆ ಮಾಡದ ಅಪರಾಧದ ಹೊರೆ. ಸೂಜಿಯ ಸುತ್ತಲಿನ ಸುಳ್ಳುಗಳಲ್ಲಿ ನನಗೆ ಸಿಟ್ಟು ಬರಿಸುವುದು ಇದೊಂದೇ.

ಗರ್ಭದಲ್ಲಿ ಮಗುವಿನ ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ, ಅಂಗುಳ 6ರಿಂದ 9ನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ತುಟಿಯ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಏಳನೇ ತಿಂಗಳ ಗ್ರಹಣದಲ್ಲಿ ಗುಂಡಿ ಹೊಲಿದರೂ ಕೂಡಿದ ತುಟಿ ಮತ್ತೆ ಸೀಳುವುದಿಲ್ಲ. ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗುವಿಗೆ ಈ ತೊಂದರೆ ಇರುತ್ತದೆ, ಆ ವರ್ಷ ಗ್ರಹಣವೇ ಕಾಣದ ಊರುಗಳಲ್ಲೂ. ಕಾರಣಗಳು ವಂಶವಾಹಿಯಲ್ಲಿ, ತಾಯಿಯ ಮಧುಮೇಹದಲ್ಲಿ, ತಂಬಾಕಿನ ಹೊಗೆಯಲ್ಲಿ, ಮೂರ್ಛೆರೋಗದ ಕೆಲವು ಔಷಧಗಳಲ್ಲಿ ಇವೆ. ಬಸುರಿಯಾಗುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡುವ ವಿಷಯ ವೈದ್ಯರನ್ನು ಕೇಳುವುದು ಸೂಜಿ ಬಚ್ಚಿಡುವುದಕ್ಕಿಂತ ಉಪಯೋಗದ ಕೆಲಸ. ಸೀಳುತುಟಿಯನ್ನು ಮಗುವಿನ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ. ಅದೂ ಕೊನೆಗೆ ಸೂಜಿ ದಾರದ ಕೆಲಸವೇ.

ಉಳಿದ ಒಂದೆರಡು ನಂಬಿಕೆಗಳನ್ನು ಬೇಗ ಮುಗಿಸಬಹುದು. ಹೆಣಿಗೆಯಿಂದ ಕಣ್ಣು ಹೋಗುವುದಿಲ್ಲ. ನಲವತ್ತರ ಆಚೆಗೆ ಸೂಜಿಯ ಕಣ್ಣು ಕಾಣದಿರುವುದು ವಯಸ್ಸಿನಿಂದ, ಹೊಲಿಗೆ ಮುಟ್ಟದವರಿಗೂ ಬರುತ್ತದೆ. ಕನ್ನಡಕ ಹಾಕಿ, ಎಡಗೈಯವರಲ್ಲದಿದ್ದರೆ ಎಡಗಡೆಯಿಂದ ಬೆಳಕು ಬರುವಂತೆ ಕೂರಬೇಕು. ಕಣ್ಣಿಗಿಂತ ಮಣಿಕಟ್ಟಿಗೆ ದಣಿವು ಹೆಚ್ಚು. ಬೆರಳು ಜೋಮು ಹಿಡಿದರೆ ಕಡ್ಡಿ ಕೆಳಗಿಡಿ. ಹೆಣಿಗೆ ಮರೆವಿನ ಕಾಯಿಲೆ ತಡೆಯುತ್ತದೆ ಎಂಬ ಹೊಸ ಪ್ರಚಾರಕ್ಕೂ ಸ್ವಲ್ಪ ಲಗಾಮು ಬೇಕು. ಕೈಕೆಲಸ ಇಟ್ಟುಕೊಂಡ ವೃದ್ಧರಲ್ಲಿ ಮರೆವು ಕಡಿಮೆ ಕಂಡಿರುವುದು ನಿಜ. ಆದರೆ ಬುದ್ಧಿ ಚುರುಕಾಗಿರುವವರೇ ಕೈಕೆಲಸ ಬಿಡದೆ ಮುಂದುವರಿಸಿರಲೂಬಹುದು.

ಕೊನೆಯದು, ‘ನಾವೇ ಹೆಣೆದರೆ ದುಡ್ಡು ಉಳಿಯುತ್ತದೆ’ ಎಂಬುದು. ಉಳಿಯುವುದಿಲ್ಲ. ದೊಡ್ಡವರ ಸ್ವೆಟರಿಗೆ ಅರ್ಧ ಕಿಲೋ ಆಸುಪಾಸು ದಾರ ಬೇಕು. ಒಳ್ಳೆಯ ಉಣ್ಣೆಯಾದರೆ ಆ ದಾರದ ಬೆಲೆಗೆ ಟಿಬೆಟನ್ ಅಂಗಡಿಯಲ್ಲಿ ಲುಧಿಯಾನದ ಸ್ವೆಟರೇ ಬರುತ್ತದೆ, ಚೌಕಾಸಿ ಬಲ್ಲವರಿಗೆ ಮಂಕಿ ಕ್ಯಾಪೂ ಸೇರಿ. ಆದರೂ ಆ ಅಂಗಡಿಯಾಕೆಯೇ ರಾಶಿ ಸ್ವೆಟರಿನ ನಡುವೆ ಕೂತು, ಮೊಮ್ಮಗನ ಟೋಪಿಗೆ ಮೊದಲ ಸಾಲಿನ ಕುಣಿಕೆ ಎಣಿಸುತ್ತಿರುತ್ತಾರೆ.